ಗೆದ್ದವನಿಗೆ ಕಪ್ಪು, ಸೋತವನಿಗೆ ದುಡ್ಡು

ನನ್ನ ಆಫೀಸು ದೊಮ್ಮಲೂರಿನ ಹತ್ತಿರ, ಎಂಬೆಸಿ ಗಾಲ್ಫ್ ಲಿಂಕ್ಸ್‌ನಲ್ಲಿ. ಹೆಸರಲ್ಲಿ ಗಾಲ್ಫ್ ಇರೋದು ಸುಮ್ಮನೆ ಅಲ್ಲ, ಪಕ್ಕದಲ್ಲೇ ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಮೈದಾನ. ನಮ್ಮ ಕೆಫೆಟೇರಿಯಾದ ಕಿಟಕಿಯಿಂದ ಕಾಣತ್ತೆ. ಒಮ್ಮೆ ಊರಿಂದ ಬಂದಿದ್ದ ಅಪ್ಪನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಬಹಳ ಹೊತ್ತು ನೋಡಿ, "ಇಷ್ಟು ಹುಲ್ಲು ಐತೆ, ಒಂದು ದನ ಇಲ್ವಲ್ಲೋ" ಅಂದ್ರು. ಅಜ್ಜಂಪುರದ ಅಮೃತ ಮಹಲ್ ಕಾವಲಿನ ಅಂಚಲ್ಲಿ ಬೆಳೆದವರಿಗೆ ಇನ್ನೇನು ಅನ್ಸುತ್ತೆ?

ನಾನು ಗಾಲ್ಫ್ ಆಡಲ್ಲ. ಆದರೆ ನಮ್ಮ ಟೀಮಿನಲ್ಲಿ ಒಬ್ಬ ಆಡ್ತಾನೆ, ಆಡಿದ್ದಕ್ಕಿಂತ ಜಾಸ್ತಿ ಮಾತಾಡ್ತಾನೆ. 2024ರ ಜನವರಿಯಲ್ಲಿ ಊಟದ ಟೇಬಲ್ಲಿಗೆ ಅವನೊಂದು ಸುದ್ದಿ ತಂದ. ಅಮೆರಿಕದಲ್ಲಿ ನಿಕ್ ಡನ್‌ಲಪ್ ಅನ್ನೋ 20 ವರ್ಷದ ಕಾಲೇಜು ಹುಡುಗ ಪಿಜಿಎ ಟೂರಿನ 'ಅಮೆರಿಕನ್ ಎಕ್ಸ್‌ಪ್ರೆಸ್' ಟೂರ್ನಿ ಗೆದ್ದಿದ್ದ. 1991ರಲ್ಲಿ ಫಿಲ್ ಮಿಕಲ್ಸನ್ ಗೆದ್ದ ಮೇಲೆ ಒಬ್ಬ ಅಮೆಚೂರ್ ಆ ಟೂರಿನಲ್ಲಿ ಗೆದ್ದಿದ್ದು ಅದೇ ಮೊದಲು. ಮೊದಲ ಬಹುಮಾನ 15 ಲಕ್ಷ 12 ಸಾವಿರ ಡಾಲರ್, ಅಂದರೆ ಹತ್ತಿರಹತ್ತಿರ ಹನ್ನೆರಡೂವರೆ ಕೋಟಿ ರೂಪಾಯಿ. ಅಷ್ಟೂ ಹೋಗಿದ್ದು ಅವನಿಗಿಂತ ಒಂದು ಹೊಡೆತ ಹಿಂದೆ ಉಳಿದ ದಕ್ಷಿಣ ಆಫ್ರಿಕಾದ ಕ್ರಿಸ್ಟಿಯಾನ್ ಬೆಜೈಡನ್‌ಹೌಟ್‌ಗೆ. ಹುಡುಗನ ಕೈಗೆ ಸೊನ್ನೆ.

"ರೂಲ್ಸು ಮಗಾ. ಅಮೆಚೂರ್ ದುಡ್ಡು ಮುಟ್ಟೋ ಹಾಗಿಲ್ಲ," ಅಂದ ನಮ್ಮವನು.

ಟೇಬಲ್ಲಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇದು ನಮ್ಮನೇಲೂ ಆಗಿತ್ತು.

ಆಗ ನಾನು ಬಿಇ ಮೂರನೇ ವರ್ಷ. ನಮ್ಮ ಕಡೆ ಜಾತ್ರೆ ಅಂದ್ರೆ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರತ್ತೆ. ಕಡೂರು, ತರೀಕೆರೆ, ಬೀರೂರು ಕಡೆಯಿಂದೆಲ್ಲ ಟೀಮುಗಳು ಬರ್ತವೆ. ದೊಡ್ಡ ಟೀಮುಗಳು ಹೊರಗಿನಿಂದ ರೈಡರ್‌ಗಳನ್ನ ಕರೆಸ್ತವೆ; ಅವರಿಗೆ ಆಟಕ್ಕಿಷ್ಟು ಅಂತ ರೇಟು, ಬಸ್ ಚಾರ್ಜು, ಬಾಡೂಟ. ನನ್ನ ಅಣ್ಣ ನಮ್ಮೂರ ಟೀಮಿನ ರೈಡರ್. ಅವನಿಗೆ ರೇಟಿಲ್ಲ, ಊರ ಹುಡುಗ. ಆ ವರ್ಷ ಫೈನಲ್ಲಲ್ಲಿ ದುಡ್ಡು ಕೊಟ್ಟು ಕರೆಸಿದ್ದ ಟೀಮನ್ನೇ ನಮ್ಮವರು ಸೋಲಿಸಿದರು. ಕೊನೇ ರೈಡು ಅಣ್ಣಂದು. ಪಾಯಿಂಟು ಬಂತು, ಮಂಡಿ ಹೋಯ್ತು.

ಮೈಕಲ್ಲಿ ಮೊದಲನೇ ಬಹುಮಾನ ಹತ್ತು ಸಾವಿರ ಅಂತ ಕೂಗಿದರು. ಆಮೇಲೆ ಹಿರಿಯರೊಬ್ಬರು ಹೆಗಲ ಮೇಲೆ ಕೈ ಹಾಕಿ, "ನೀವು ನಮ್ಮ ಹುಡುಗ್ರೇ ಅಲ್ವೇನ್ರಪ್ಪಾ, ದುಡ್ಡು ದೇವಸ್ಥಾನದ ಶೀಟಿಗೆ ಇರ್ಲಿ," ಅಂದರು. ಕಪ್ಪು ಕೊಟ್ಟರು. ಸೋತವರು ತಮ್ಮ ರೇಟು ಎಣಿಸ್ಕೊಂಡು, ಊಟ ಮಾಡಿ, ಜೀಪು ಹತ್ತಿದರು. ಅಣ್ಣನನ್ನ ರಾತ್ರಿ ಎರಡು ಗಂಟೆಗೆ ಟಿವಿಎಸ್ ಮೇಲೆ ಕೂರಿಸ್ಕೊಂಡು ಬಂದು ಮನೆ ಮುಂದೆ ಇಳಿಸಿದರು. ಮಂಡಿ ಕುಂಬಳಕಾಯಿ ಆಗಿತ್ತು. ಸ್ಕ್ಯಾನು, ಆಪರೇಶನ್ನು ಅಂತ ಅಪ್ಪ ಆ ವರ್ಷದ ಕೊಬ್ಬರಿ ಅಷ್ಟನ್ನೂ ರೇಟು ನೋಡದೆ ಮಾರಿದರು. ನನ್ನ ಸೆಮಿಸ್ಟರ್ ಫೀಸು ಸೋದರಮಾವ ಕಟ್ಟಿದರು. ಅಪ್ಪ ಬಯ್ಯಲಿಲ್ಲ, ಕಪ್ಪನ್ನ ಕೈಯಲ್ಲಿ ತೂಗಿ ನೋಡಿ, "ಇದನ್ನ ಮಾರಿದ್ರೆ ಎಷ್ಟು ಬರ್ತದೆ?" ಅಂದರು ಅಷ್ಟೇ.

ಹಾಗಾಗಿ ಈ ವಿಷಯದಲ್ಲಿ ನಾನು ತಟಸ್ಥ ಅಂತ ಯಾರೂ ತಿಳ್ಕೋಬೇಡಿ.

ಆ ರಾತ್ರಿ ಮನೆಗೆ ಬಂದು ಗಾಲ್ಫಿನ ರೂಲ್ಸ್ ಓದಿದೆ. 2022ರಿಂದ ಹೊಸ ನಿಯಮ ಬಂದಿದೆ. ಅಮೆಚೂರ್ ಆದವನು 1000 ಡಾಲರ್‌ವರೆಗೆ ಬಹುಮಾನ ತಗೋಬಹುದು, ಅದಕ್ಕಿಂತ ಜಾಸ್ತಿ ತಗೊಂಡರೆ ಅಮೆಚೂರ್ ಅನ್ನೋ ಸ್ಥಾನ ಹೋಯ್ತು. ಆದರೆ ಅದೇ ನಿಯಮ ಸ್ಪಾನ್ಸರ್ ದುಡ್ಡಿಗೆ, ಜಾಹೀರಾತಿಗೆ ಇದ್ದ ತಡೆ ತೆಗೆದುಹಾಕಿದೆ. ಹೋಲ್ ಇನ್ ಒನ್ ಬಿದ್ದರೆ ಕಾರೇ ಕೊಟ್ಟರೂ ತಗೋಬಹುದು! ಅಂದರೆ ಟೋಪಿ ಮೇಲೆ ಕಂಪನಿ ಹೆಸರು ಹಾಕ್ಕೊಂಡರೆ ದುಡ್ಡು ಪವಿತ್ರ, ಅದೃಷ್ಟಕ್ಕೆ ಒಂದು ಚೆಂಡು ಉರುಳಿ ಗುಳಿಗೆ ಬಿದ್ದರೂ ಪವಿತ್ರ. ನಾಲ್ಕು ದಿನ ಬಿಸಿಲಲ್ಲಿ ಆಡಿ ಎಲ್ಲರನ್ನೂ ಸೋಲಿಸಿದರೆ ಮಾತ್ರ ಮೈಲಿಗೆ. ಇಂಥ ಲಾಜಿಕ್ ನಾನು ಕೋಡಲ್ಲಿ ಬರೆದಿದ್ದರೆ ರಿವ್ಯೂನಲ್ಲೇ ವಾಪಸ್ ಬರ್ತಿತ್ತು.

ಅಮೆಚೂರ್ ಅನ್ನೋ ಕಲ್ಪನೆ ಹುಟ್ಟಿದ ಮನೆಯೂ ಅಂಥದ್ದೇ. 19ನೇ ಶತಮಾನದ ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯಲ್ಲಿ ಕೂಲಿಯವರು, ಕುಶಲಕರ್ಮಿಗಳು ಅಮೆಚೂರ್ ಅನ್ನಿಸ್ಕೊಳ್ಳೋ ಹಾಗೇ ಇರಲಿಲ್ಲ. ಹೊಟ್ಟೆ ತುಂಬಿದವನ ಆಟ ಶುದ್ಧ, ರಟ್ಟೆ ನಂಬಿದವನದ್ದು ಅಶುದ್ಧ. 1968ರ ಯುಎಸ್ ಓಪನ್ ಟೆನಿಸ್ ಗೆದ್ದ ಆರ್ಥರ್ ಆಶ್‌ಗೆ ದಿನಕ್ಕೆ 20 ಡಾಲರ್ ಖರ್ಚು ಸಿಕ್ಕಿತು; ಫೈನಲ್ ಸೋತ ಟಾಮ್ ಓಕರ್‌ಗೆ 14,000 ಡಾಲರ್. ಟೆನಿಸ್ ಆ ಗೋಜಲಿಂದ ಹೊರಗೆ ಬಂತು, ಗಾಲ್ಫ್ ಇನ್ನೂ ಬಂದಿಲ್ಲ.

ನಮ್ಮ ಕಿಟಕಿಯಾಚೆಯ ಮೈದಾನದಲ್ಲೇ ಆಟ ಕಲಿತ ಅದಿತಿ ಅಶೋಕ್ 2011ರಲ್ಲಿ, 13ನೇ ವಯಸ್ಸಿಗೇ, ವೃತ್ತಿಪರ ಮಹಿಳೆಯರ ಜೊತೆ ಆಡಿ ಗೆದ್ದವರು. ಅವರು ವೃತ್ತಿಪರರಾಗಿದ್ದು 2016ರಲ್ಲಿ. ಅಷ್ಟು ವರ್ಷ ಅಮೆಚೂರ್ ಆಗಿ ಕಾಯೋಕೆ ಹಿಂದೊಂದು ಮನೆ ಬೇಕು. ಬಿಡದಿ ಹತ್ತಿರ ಕ್ಯಾಡಿಯಾಗಿ ಶುರು ಮಾಡಿದ ಎಸ್. ಚಿಕ್ಕರಂಗಪ್ಪ 2015ರಲ್ಲಿ ದೇಶದ ವೃತ್ತಿಪರ ಟೂರಿನ ಪಟ್ಟಿಯಲ್ಲೇ ಮೊದಲಿಗರಾದರು. ಬೇರೆಯವರ ಚೀಲ ಹೊತ್ತು ಆಟ ಕಲಿಯೋ ಮಕ್ಕಳಿಗೆ 'ಗೆಲ್ಲು, ದುಡ್ಡು ಮಾತ್ರ ಕೇಳಬೇಡ' ಅನ್ನೋದು ಯಾವ ನ್ಯಾಯ?

ಡನ್‌ಲಪ್‌ಗೆ ಪೂರ್ತಿ ಮೋಸ ಆಯ್ತು ಅಂತಲೂ ಹೇಳೋಕಾಗಲ್ಲ, ನಿಜ. ಆ ಗೆಲುವಿಂದ ಟೂರಿನಲ್ಲಿ ವರ್ಷಗಟ್ಟಲೆ ಆಡೋ ಹಕ್ಕು ಸಿಕ್ಕಿತು. ಕೆಲವೇ ದಿನದಲ್ಲಿ ವೃತ್ತಿಪರನಾದ, ಅದೇ ಜುಲೈನಲ್ಲಿ ಇನ್ನೊಂದು ಟೂರ್ನಿ ಗೆದ್ದ. ನಮ್ಮಣ್ಣನಿಗೆ ಅಂಥ ಮುಂದಿನ ಬಾಗಿಲು ಇರಲಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ತೋಟದಲ್ಲಿ ಮೋಟರ್ ಸ್ಟಾರ್ಟರ್ ಬಿಚ್ಚಿ ಕೂತಿದ್ದ, ಎಡಗಾಲು ಈಗಲೂ ಪೂರ್ತಿ ಮಡಚಲ್ಲ. ಫ್ಯೂಸ್ ವೈರು, ನಟ್ಟು, ಮೊಳೆ ಎಲ್ಲ ಆ ಕಪ್ಪಲ್ಲೇ ಇಟ್ಕೊಂಡಿದಾನೆ.

"ಆವತ್ತು ಆ ಹತ್ತು ಸಾವಿರ ನೀವೇ ಇಸ್ಕೋಬೇಕಿತ್ತು ಕಣಣ್ಣ," ಅಂದೆ.

"ಇಸ್ಕೊಂಡಿದ್ರೆ ಮುಂದಿನ ವರ್ಷ ಸೋತಾಗ ಇದೇ ಜನ ಕ್ಯಾಕರಿಸಿ ಉಗಿಯೋರು ಕಣ್ಲಾ. ಬಿಟ್ಟಿ ಆಡಿದ್ದಕ್ಕೆ ಇವತ್ತಿಗೂ ಹೋಟ್ಲಲ್ಲಿ ಕೂರಿಸಿ ಟೀ ಕೊಡ್ತಾರೆ," ಅಂದ.

ನನ್ನ ವಾದಕ್ಕೆಲ್ಲ ನೀರು ಬಿಟ್ಟ ಹಾಗಾಯ್ತು. ಸುಮ್ಮನೆ ಟೆಸ್ಟರ್ ಎತ್ತಿ ಕೊಟ್ಟೆ. ಅವನ ಮಗನಿಗೆ ಈಗ ಹದಿನೈದು, ಅವನೂ ರೈಡರ್ರೇ. ಹುಡುಗ ಬದುವಿನ ಮೇಲೆ ಸೈಕಲ್ ತಳ್ಕೊಂಡು ಬರ್ತಿದ್ದ. ತರೀಕೆರೆ ಕಡೆಯ ಯಾವುದೋ ಟೂರ್ನಮೆಂಟಿಗೆ ಕರೀತಿದಾರಂತೆ, ಹೋಗ್ಲಾ ಅಂತ ಕೇಳಿದ.

ಅಣ್ಣ ತಲೆ ಎತ್ತಲಿಲ್ಲ. ಸ್ಕ್ರೂ ತಿರುಗಿಸ್ತಾನೇ ಹೇಳಿದ: "ಎಷ್ಟು ಕೊಡ್ತಾರಂತೆ, ಮೊದ್ಲು ಅದನ್ನ ಕೇಳ್ಕೊಂಡ್ ಬಾ."