ಹಾಯ್‌ಲೇಕಿನ ಮರಳುಬಯಲು

ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಿಂದ ಹೊರಟ ರೈಲುಗಾಡಿಯು ಮರ್ಸಿ ನದಿಯ ಅಡಿಯಲ್ಲಿ ಕೊರೆದಿರುವ ಸುರಂಗವನ್ನು ದಾಟಿ, ಸುಮಾರು ಅರ್ಧ ಘಂಟೆಯೊಳಗೆ ಹಾಯ್‌ಲೇಕ್ ಎಂಬ ಕಡಲತೀರದ ಊರನ್ನು ಮುಟ್ಟುವುದು. ಇಲ್ಲಿ ನೋಡತಕ್ಕ ಅರಮನೆಯಿಲ್ಲ, ಕೋಟೆಯಿಲ್ಲ. ಡೀ ನದಿಯು ಸಮುದ್ರವನ್ನು ಕೂಡುವೆಡೆಯಲ್ಲಿ ಗಾಳಿಗೆ ತಲೆಬಾಗಿದ ಹುಲ್ಲು, ಮರಳು, ನೀರು ಇಳಿದಾಗ ಕಾಲ್ನಡೆಯಿಂದಲೇ ಸೇರಬಹುದಾದ ಹಿಲ್ಬ್ರೆ ನಡುಗಡ್ಡೆಗಳು, ಅವುಗಳಾಚೆ ವೇಲ್ಸ್ ಸೀಮೆಯ ಬೆಟ್ಟಗಳು, ಇಷ್ಟೇ. ಆದರೂ ಗಾಲ್ಫ್ ಆಟವನ್ನು ಬಲ್ಲವರಿಗೆ ಇದು ಯಾತ್ರಾಸ್ಥಳವಾಗಿದೆ.

ಕೋಲಿನಿಂದ ಸಣ್ಣ ಚೆಂಡನ್ನು ಹೊಡೆದು, ವಿಶಾಲವಾದ ಬಯಲಿನಲ್ಲಿರುವ ಹದಿನೆಂಟು ಕುಳಿಗಳಿಗೆ ಒಂದಾದ ಮೇಲೊಂದರಂತೆ ಬೀಳಿಸುವುದೇ ಆ ಆಟ. ಹೇಳುವುದಕ್ಕೆ ಸುಲಭ, ಈ ತೀರದ ಗಾಳಿಯಲ್ಲಿ ನಿಂತವನಿಗೆ ಅದರ ಕಷ್ಟ ತಿಳಿಯುವುದು. 1869ರಲ್ಲಿ ಕ್ಲಬ್ಬು ಹುಟ್ಟಿದಾಗ ಇದು ಕುದುರೆ ಪಂದ್ಯದ ಮೈದಾನವಾಗಿದ್ದಿತು. ಮೊದಲನೆಯ ಕುಳಿಗೆ 'ಕೋರ್ಸ್' ಎಂದೂ ಕೊನೆಯದಕ್ಕೆ 'ಸ್ಟ್ಯಾಂಡ್' ಎಂದೂ ಹೆಸರು ಉಳಿದಿರುವುದು ಆ ಕಾರಣದಿಂದಲೇ. ಕ್ಲಬ್ಬಿಗೆ ಮೊದಲು ಸ್ವಂತ ಮನೆಯಿರಲಿಲ್ಲ. ಪಕ್ಕದ ರಾಯಲ್ ಹೋಟಲಿನಲ್ಲಿಯೇ ಅದರ ಬಿಡಾರ. ಆ ಹೋಟಲಿನ ಯಜಮಾನನ ಮಗನೇ ಜಾನ್ ಬಾಲ್. ಆಟಕ್ಕೊಪ್ಪುವ ಹೆಸರೇ ಸರಿ! ಹುಟ್ಟಿದ್ದು 1861ರ ದಶಂಬರ 24ರಂದು. ಮನೆಯ ಹಿತ್ತಿಲಿನಂತಿದ್ದ ಈ ಬಯಲೇ ಆತನಿಗೆ ಪಾಠಶಾಲೆಯಾಯಿತು.

1878ರಲ್ಲಿ, ಹದಿನಾರರ ಹುಡುಗನಾಗಿದ್ದಾಗಲೇ, ಆತನು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ಕಿಗೆ ಹೋಗಿ, ಆಟವೇ ಜೀವನೋಪಾಯವಾಗಿದ್ದ ನುರಿತವರ ನಡುವೆ ಓಪನ್ ಪಂದ್ಯದಲ್ಲಿ ನಾಲ್ಕನೆಯ ಸ್ಥಾನವನ್ನು ಹಂಚಿಕೊಂಡನು. ಕೈಗೆ ಬಂದ ಅಲ್ಪ ಬಹುಮಾನದ ಹಣವನ್ನೂ ತೆಗೆದುಕೊಂಡನು. ಈ ಸಣ್ಣ ಸಂಗತಿಯೇ ಮುಂದೆ ಕಂಟಕವಾಗುವುದರಲ್ಲಿದ್ದಿತು. 1885ರಲ್ಲಿ ಹಾಯ್‌ಲೇಕಿನಲ್ಲಿಯೇ ಹವ್ಯಾಸಿಗಳ ಪಂದ್ಯ ಆರಂಭವಾದಾಗ, ಹಣ ಪಡೆದವನು ಹವ್ಯಾಸಿ ಎನಿಸಿಕೊಳ್ಳಬಲ್ಲನೇ ಎಂಬ ಪ್ರಶ್ನೆ ಎದ್ದಿತು. ದೊಡ್ಡಮನುಷ್ಯರ ಆಟದಲ್ಲಿ ಹೋಟಲಿನವನ ಮಗನನ್ನು ಹೊರಗಿಡುವುದಕ್ಕೆ ಅಷ್ಟು ನೆಪ ಸಾಕಾಗಿದ್ದೀತು. ಆದರೆ ಹಿರಿಯರು ಹುಡುಗತನದ ಆ ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

1888ರಲ್ಲಿ ಆತನು ಹವ್ಯಾಸಿಗಳ ಪಂದ್ಯವನ್ನು ಮೊದಲ ಸಲ ಗೆದ್ದನು. 1890ರಲ್ಲಿ ಅದನ್ನು ತನ್ನೂರಿನಲ್ಲಿಯೇ ಮತ್ತೆ ಗೆದ್ದು, ಅದೇ ವರ್ಷ ಪ್ರೆಸ್ಟ್‌ವಿಕ್ಕಿನಲ್ಲಿ ಓಪನ್ ಪಂದ್ಯವನ್ನೂ ಗೆದ್ದನು. ಅದುವರೆಗೆ ಆ ಪಂದ್ಯ ಸ್ಕಾಟ್ಲೆಂಡಿನವರ ಕೈ ತಪ್ಪಿರಲಿಲ್ಲ. ಹವ್ಯಾಸಿಯೊಬ್ಬನಿಗೆ ದಕ್ಕಿರಲೂ ಇಲ್ಲ. ಒಂದೇ ವರ್ಷದಲ್ಲಿ ಇವೆರಡನ್ನೂ ಗೆದ್ದ ಮತ್ತೊಬ್ಬನೆಂದರೆ, 1930ರಲ್ಲಿ, ಅಮೆರಿಕದ ಬಾಬಿ ಜೋನ್ಸ್ ಮಾತ್ರ.

ನನ್ನ ಮನಸ್ಸಿಗೆ ಹೆಚ್ಚಾಗಿ ಹಿಡಿದದ್ದು 1899ರ ಅಂತಿಮ ಪಂದ್ಯ. ಎದುರಾಳಿ ಸ್ಕಾಟ್ಲೆಂಡಿನ ಸೈನ್ಯಾಧಿಕಾರಿ ಫ್ರೆಡ್ಡಿ ಟೇಟ್, ಜನರ ಕಣ್ಮಣಿ. ಪ್ರೆಸ್ಟ್‌ವಿಕ್ಕಿನ 'ಆಲ್ಪ್ಸ್' ಎಂಬ ಕುಳಿಯ ಮುಂದಿನ ಮರಳುಗುಂಡಿಯಲ್ಲಿ ಅಂದು ಮಳೆಯ ನೀರು ನಿಂತಿದ್ದಿತು. ಟೇಟನ ಚೆಂಡು ನೀರಿನಲ್ಲಿ ಬಿದ್ದಿತು. ಆತನು ನೀರಿಗಿಳಿದೇ ಹೊಡೆದು ಅದನ್ನು ಮೇಲಕ್ಕೆ ಹಾರಿಸಿದನು. ಬಾಲನ ಚೆಂಡು ಅದೇ ಗುಂಡಿಯಲ್ಲಿ, ಮರದ ಹಲಗೆಗಳ ಮಗ್ಗುಲಿನ ಒದ್ದೆ ಮರಳಿನ ಮೇಲಿದ್ದಿತು. ನೋಡುವುದಕ್ಕೆ ಟೇಟನ ಹೊಡೆತವೇ ಬೆರಗು; ಬಾಲನದು ಅದಕ್ಕಿಂತ ಸುಲಭವಾದುದೆಂದು ನನಗೆ ತೋರುವುದಿಲ್ಲ. ಅವನೂ ಚೆಂಡನ್ನು ಹೊರತೆಗೆದನು. ಮೂವತ್ತಾರು ಕುಳಿಗಳಾದರೂ ಸಮಸಮ. ಮೂವತ್ತೇಳನೆಯದರಲ್ಲಿ ಬಾಲ್ ಗೆದ್ದನು.

ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಹೊತ್ತಿಕೊಂಡಿತು. 1900ರ ಫೆಬ್ರವರಿಯಲ್ಲಿ ಟೇಟ್ ಅಲ್ಲಿಯೇ ರಣದಲ್ಲಿ ಮಡಿದನು. ಬಾಲನೂ ಸ್ವಯಂಸೇವಕ ಅಶ್ವದಳವನ್ನು ಸೇರಿ ಅಲ್ಲಿಗೆ ಹೋದನು. ಆಟಗಾರನ ಬಾಳಿನ ಒಳ್ಳೆಯ ವರ್ಷಗಳು ಹೀಗೆ ಕಳೆದವು. ಇನ್ನು ಮುಗಿಯಿತೆಂದು ಯಾರಾದರೂ ಎಣಿಸಿಯಾರು. ಆದರೆ ಹಿಂದಿರುಗಿದ ಮೇಲೆ 1907, 1910, 1912ರಲ್ಲಿ ಮತ್ತೆ ಮೂರು ಸಲ ಗೆದ್ದನು. ಕೊನೆಯ ಸಲ ಆತನಿಗೆ ಐವತ್ತು ವರ್ಷ. ಎಲ್ಲಾ ಕೂಡಿ ಎಂಟು ಜಯಗಳು. ಇಂದಿಗೂ ಆ ಸಂಖ್ಯೆಯನ್ನು ಯಾರೂ ಮುಟ್ಟಿಲ್ಲ. ಮಾತು ಮಾತ್ರ ಬಹಳ ಕಡಿಮೆ. ಹೊಗಳುವವರು ಬಂದರೆ ಮೆಲ್ಲನೆ ಜಾರಿಕೊಳ್ಳುವ ಸ್ವಭಾವ.

ರಾಯಲ್ ಹೋಟಲು ಈಗಿಲ್ಲ. ಸಂಜೆ ಬಯಲಿನಂಚಿನಲ್ಲಿ ನಿಂತಾಗ ಗಾಳಿಯ ಸದ್ದಲ್ಲದೆ ಬೇರೊಂದು ಕೇಳಿಸಲಿಲ್ಲ. ಬಾಲ್ 1940ರ ದಶಂಬರದಲ್ಲಿ ತೀರಿಕೊಂಡದ್ದು ಡೀ ನದಿಯ ಆಚೆಯ ಹೋಲಿವೆಲ್ ಎಂಬಲ್ಲಿ. ಮೋಡ ಸರಿದಾಗ ನೀರಿನ ಮೇಲಿಂದ ಆ ದಡದ ಬೆಟ್ಟಗಳು ನೀಲಿಯಾಗಿ ಕಾಣುತ್ತಿದ್ದವು.