ಬೆಣ್ಣೆ ಸವರುವ ಚಾಕು

ಬಂದೂಕು ಹಿಡಿದವನು ಧೀರನೋ ಹೇಡಿಯೋ ಎಂದು ಮನೆಯ ಹುಡುಗರು ಕೇಳಿದಾಗಲೆಲ್ಲ ನಾನು ಎರಡು ಸಂಗತಿ ಹೇಳುತ್ತೇನೆ. ಒಂದು ಶಿಕಾಗೊದಲ್ಲಿದ್ದಾಗಿನದು, ಇನ್ನೊಂದು ಡೆಟ್ರಾಯಿಟ್ ಕಡೆಗೆ ಬಂದ ಮೇಲಿನದು. ಚಳಿಗೆ ಬೆಂಕಿ ಮುಂದೆ ಕೂತಿದ್ದೇವೆ, ಅವಸರವೇನಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೇಳಿ.

2012ರ ಆಗಸ್ಟ್ 5, ಭಾನುವಾರ. ಆಗ ನಾವು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿದ್ದೆವು. ಬೆಳಿಗ್ಗೆ ಲೆಮಾಂಟ್ ಗುಡ್ಡದ ರಾಮನ ದೇವಸ್ಥಾನಕ್ಕೆ ಹೋಗಿ, ಮಂಗಳಾರತಿ ತೆಗೆದುಕೊಂಡು, ಕ್ಯಾಂಟೀನಿನಲ್ಲಿ ಮೂರ್ನಾಲ್ಕು ಕನ್ನಡದ ಸಂಸಾರಗಳು ಒಟ್ಟಿಗೆ ಕೂತಿದ್ದೆವು. ಒಬ್ಬರ ಫೋನು ಬಡಿದುಕೊಂಡಿತು, ಆಮೇಲೆ ಇನ್ನೊಬ್ಬರದು, ಆಮೇಲೆ ಎಲ್ಲರದೂ. ಮಿಲ್ವಾಕಿ ಹತ್ತಿರದ ಯಾವುದೋ ದೇವಸ್ಥಾನದಲ್ಲಿ ಗುಂಡು ಹಾರುತ್ತಿದೆಯಂತೆ, ನೀವೆಲ್ಲಿದ್ದೀರಿ ಎಂದು. ಊರಲ್ಲಿ ಆಗ ರಾತ್ರಿ ಹತ್ತೂವರೆ ದಾಟಿತ್ತು. ಅಮ್ಮ ಟಿವಿ ನೋಡಿ ಫೋನು ಮಾಡಿದ್ದಳು. "ದೇವಸ್ಥಾನಕ್ಕೆ ಹೋಗಬೇಡ್ರೋ" ಎಂದಳು. ಅಲ್ಲೇ ಇದ್ದೇವೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಗುಂಡು ಹಾರಿದ್ದು ವಿಸ್ಕಾನ್ಸಿನ್ನಿನ ಓಕ್ ಕ್ರೀಕ್‌ನಲ್ಲಿ, ಸಿಖ್ಖರ ಗುರುದ್ವಾರದಲ್ಲಿ. ಶಿಕಾಗೊದಿಂದ ಐ-94 ಹೆದ್ದಾರಿ ಹಿಡಿದರೆ ಒಂದೂವರೆ ಗಂಟೆಯ ದಾರಿ. ಅಲ್ಲೂ ಭಾನುವಾರದ ಪೂಜೆ, ಲಂಗರ್ ಎಂಬ ಸಾಮೂಹಿಕ ಊಟದ ಅಡುಗೆ, ಅಂಗಳದಲ್ಲಿ ಮಕ್ಕಳು. ನಲವತ್ತು ವರ್ಷದ ಮಾಜಿ ಸೈನಿಕನೊಬ್ಬ, ಬಿಳಿಯರೇ ಶ್ರೇಷ್ಠರೆಂಬ ದ್ವೇಷ ತಲೆಗೇರಿಸಿಕೊಂಡವನು, ಕಾರಿನಿಂದ ಇಳಿದ. ಕೈಯಲ್ಲಿದ್ದ 9 ಎಂ.ಎಂ. ಪಿಸ್ತೂಲು ಕಾನೂನಿನ ಪ್ರಕಾರವೇ ಅಂಗಡಿಯಲ್ಲಿ ಕೊಂಡದ್ದು. ಹೊರಗಿದ್ದ ಅಣ್ಣ ತಂಗಿ, ಒಬ್ಬನಿಗೆ 11 ವರ್ಷ, ಒಬ್ಬಳಿಗೆ 9, ಗುಂಡು ಹಾರಿದ್ದನ್ನು ಕಂಡು ಒಳಗೆ ಓಡಿ ದೊಡ್ಡವರಿಗೆ ಕೂಗಿ ಹೇಳಿದರು. ಅಡುಗೆಮನೆಯಲ್ಲಿದ್ದ ಹೆಂಗಸರು ಉಗ್ರಾಣ ಸೇರಿ ಬಾಗಿಲು ಹಾಕಿಕೊಂಡು ಜೀವ ಉಳಿಸಿಕೊಂಡರು.

ಗುರುದ್ವಾರದ ಅಧ್ಯಕ್ಷರು ಸತ್ವಂತ್ ಸಿಂಗ್ ಕಾಲೇಕಾ. ಪಂಜಾಬಿನಿಂದ ಬರಿಗೈಯಲ್ಲಿ ಬಂದು, ಪೆಟ್ರೋಲ್ ಬಂಕುಗಳನ್ನು ನಡೆಸಿ ಬದುಕು ಕಟ್ಟಿಕೊಂಡವರು. ಅರವತ್ತು ದಾಟಿದ ಮನುಷ್ಯ. ಒಳಗೆ ಬಂದ ಹಂತಕನನ್ನು ತಡೆಯಲು ಹೋದಾಗ ಅವರ ಕೈಯಲ್ಲಿದ್ದದ್ದು ಬ್ರೆಡ್ಡಿಗೆ ಬೆಣ್ಣೆ ಸವರುವಂಥ ಮೊಂಡು ಚಾಕು. ಅದನ್ನೇ ಹಿಡಿದು ಅವನ ಮೇಲೆ ಬಿದ್ದರು. ಗುಂಡು ತಿಂದರು, ಸತ್ತರು. ಅವರು ತಡೆದ ಆ ಸ್ವಲ್ಪ ಹೊತ್ತಿನಲ್ಲಿ ಉಳಿದವರು ಅಡಗಿಕೊಂಡರು. ಅವರ ಹೆಂಡತಿಯೂ ಹಾಗೆ ಅಡಗಿ ಬದುಕಿದವರಲ್ಲಿ ಒಬ್ಬರು.

ಹೊರಗೆ ಇನ್ನೊಂದು ನಡೆಯಿತು. ಮೊದಲು ಬಂದ ಪೊಲೀಸ್ ಲೆಫ್ಟಿನೆಂಟ್ ಬ್ರಯನ್ ಮರ್ಫಿಗೆ 15 ಗುಂಡು ಬಿದ್ದವು. ನೆಲದಲ್ಲಿ ಬಿದ್ದಿದ್ದವನ ಹತ್ತಿರ ಜೊತೆಯವರು ಓಡಿದರೆ, ಆತ ಕೈಬೀಸಿ, ಒಳಗಿರುವವರನ್ನು ನೋಡಿ ಎಂದು ಕಳಿಸಿದ. ಬದುಕಿದ, ಪುಣ್ಯಕ್ಕೆ. ಸ್ಯಾಮ್ ಲೆಂಡಾ ಎಂಬ ಇನ್ನೊಬ್ಬ ಪೊಲೀಸ್ ರೈಫಲ್‌ನಿಂದ ಹೊಡೆದು ಹಂತಕನನ್ನು ಕೆಡವಿದ ಮೇಲೆ ಅವನು ತಾನೇ ಗುಂಡು ಹಾರಿಸಿಕೊಂಡು ಸತ್ತ. ಅಂದು ಆರು ಜನ ಹೋದರು. ಮೈ ಸ್ವಾಧೀನ ತಪ್ಪಿ ಮಲಗಿದ್ದ ಬಾಬಾ ಪಂಜಾಬ್ ಸಿಂಗ್ 2020ರಲ್ಲಿ ತೀರಿಕೊಂಡು ಏಳನೆಯವರಾದರು.

ಗುಂಡು ಹಾರಿದ ಆ ವಾರದ ಶನಿವಾರ ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದಾಗ ಬೇರೆ ಮಾತೇ ಇಲ್ಲ. ಒಬ್ಬರು ಎದ್ದು ನಿಂತು ಹೇಳಿದರು: "ಅಲ್ರೀ, ಅಷ್ಟು ಜನರಲ್ಲಿ ಒಬ್ಬರ ಸೊಂಟದಲ್ಲಿ ಪಿಸ್ತೂಲು ಇದ್ದಿದ್ದರೆ? ನಾವು ಬಳೆ ತೊಟ್ಟುಕೊಂಡು ಕೂತಿದ್ದೇವೆ, ಅದಕ್ಕೇ ಹೀಗೆ." ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಂದರು: "ಬಳೆ ತೊಟ್ಟವರೇ ರೀ ಅಲ್ಲಿ ಉಗ್ರಾಣದೊಳಗೆ ಮಕ್ಕಳ ಬಾಯಿ ಮುಚ್ಚಿಕೊಂಡು ಕೂತಿದ್ದು."

ವಿರಾಜಪೇಟೆ ಕಡೆಯ ಗೆಳೆಯನೊಬ್ಬ ಅಲ್ಲಿಯವರೆಗೆ ಸುಮ್ಮನಿದ್ದ. ಕೊಡವರ ಮನೆಯವನು, ಕೋವಿ ನೋಡುತ್ತಲೇ ಬೆಳೆದವನು. ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ, ದೇವರ ಮುಂದಿಟ್ಟು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಇವನು ಅಂದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: "ನಮ್ಮಜ್ಜ ಕೋವಿ ಕೈಗೆ ಕೊಡುವ ಮೊದಲು, ಮನುಷ್ಯರ ಕಡೆ ಇದರ ಮೂತಿ ತಿರುಗಿದರೆ ನೀನು ಈ ಮನೆಯವನಲ್ಲ ಅಂದಿದ್ದರು. ನಿಮಗೆ ಈಗ ಬೇಕಾಗಿರುವುದು ಕೋವಿ ಅಲ್ಲ. ನಿಮಗೆ ಹೆದರಿಕೆಯಾಗಿದೆ. ನನಗೂ ಆಗಿದೆ."

ಹೆದರಿಕೆಯನ್ನು ಅಷ್ಟು ನೇರವಾಗಿ ಒಪ್ಪಿಕೊಂಡ ಮಾತು ಆ ಮನೆಯಲ್ಲಿ ಅದೊಂದೇ.

ಆಮೇಲೊಂದು ಸಲ ನಾವೇ ಓಕ್ ಕ್ರೀಕ್‌ಗೆ ಹೋದೆವು. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುವಾಗ, ಪ್ರಾರ್ಥನೆಯ ಹಾಲ್‌ಗೆ ತಿರುಗುವ ಕಡೆ, ಬಾಗಿಲಿನ ಲೋಹದ ಚೌಕಟ್ಟಿನಲ್ಲಿ ಒಂದು ಗುಂಡಿನ ತೂತು. ಎಲ್ಲ ರಿಪೇರಿ ಮಾಡಿಸಿ ಅದೊಂದನ್ನು ಹಾಗೇ ಬಿಟ್ಟಿದ್ದಾರೆ. ಕೆಳಗೆ ಪುಟ್ಟ ಫಲಕ: ನಾವೆಲ್ಲ ಒಂದೇ ಎಂಬ ಮಾತು, ಆ ದಿನದ ತಾರೀಖು. ನನ್ನ ಮಗಳು ಕಿರುಬೆರಳು ಇಟ್ಟು ನೋಡಿದಳು. ತುದಿ ಒಳಗೆ ಹೋಯಿತು. ಗುರುದ್ವಾರದ ಬಾಗಿಲು ಹಾರು ಹೊಡೆದಿತ್ತು. ನಮ್ಮ ಹೆಸರು ಕೂಡ ಕೇಳದೆ ಊಟಕ್ಕೆ ಕೂರಿಸಿದರು.

ನಾವಿದ್ದ ಇಲಿನಾಯ್ಸ್ ರಾಜ್ಯದಲ್ಲಿ 2013ರ ಜುಲೈನಲ್ಲಿ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಪರವಾನಗಿ ಕೊಡುವ ಕಾಯ್ದೆ ಬಂತು. ದೇಶದಲ್ಲಿ ಕೊನೆಯದಾಗಿ ಒಪ್ಪಿದ ರಾಜ್ಯ ಅದು. ಶಾಲೆ, ಗ್ರಂಥಾಲಯಗಳ ಗಾಜಿನ ಬಾಗಿಲಿಗೆ ಅಂಗೈಯಗಲದ ಬಿಳಿ ಚೀಟಿ ಅಂಟಿತು: ಕಪ್ಪು ಪಿಸ್ತೂಲಿನ ಚಿತ್ರ, ಸುತ್ತ ಕೆಂಪು ಬಳೆ, ಅಡ್ಡಗೆರೆ. ಮಕ್ಕಳು ಕಥೆಪುಸ್ತಕ ತರಲು ಹೋಗುವ ಬಾಗಿಲು ಅದು. ಅಷ್ಟರಲ್ಲಿ ನನಗೆ ಡೆಟ್ರಾಯಿಟ್ ಕಡೆ ಕೆಲಸವಾಯಿತು. ಐ-94ರಲ್ಲೇ ಪೂರ್ವಕ್ಕೆ ಬಂದು ಇಲ್ಲಿ ಮನೆ ಮಾಡಿದೆವು.

ಬಂದು ಸಾಮಾನು ಬಿಚ್ಚುವಷ್ಟರಲ್ಲಿ ಎರಡನೆಯದು ನಡೆಯಿತು. 2013ರ ನವೆಂಬರ್ 2. ರೆನೀಶಾ ಮೆಕ್‌ಬ್ರೈಡ್ ಎಂಬ 19 ವರ್ಷದ ಕರಿಯ ಹುಡುಗಿ ನಡುರಾತ್ರಿ ಕಾರು ಗುದ್ದಿಸಿಕೊಂಡು ಪೆಟ್ಟಾಗಿ, ದಿಕ್ಕು ತೋಚದೆ ಅಲೆದು, ಬೆಳಗಿನ ಜಾವ ಡಿಯರ್‌ಬಾರ್ನ್ ಹೈಟ್ಸ್‌ನ ಒಂದು ಮನೆಯ ಬಾಗಿಲು ಬಡಿದಳು. ಒಳಗಿದ್ದವನು ಥಿಯೊಡೋರ್ ವೇಫರ್, 54 ವರ್ಷ. ಮುಂಬಾಗಿಲು ತೆರೆದು, ಚಿಲಕ ಹಾಕಿದ್ದ ಜಾಲರಿ ಬಾಗಿಲಿನ ಮೂಲಕವೇ ಶಾಟ್‌ಗನ್ ಹಾರಿಸಿದ. ಹುಡುಗಿ ಅಲ್ಲೇ ಸತ್ತಳು. ಕೈಯಲ್ಲಿ ಏನೂ ಇರಲಿಲ್ಲ.

ಮುಂದಿನ ಬೇಸಗೆ ವಿಚಾರಣೆ ನಡೆದಾಗ ಆಫೀಸಿನಲ್ಲಿ ಊಟದ ಹೊತ್ತಿಗೆ ಅದೇ ಮಾತು. ಮನೆಯೊಳಗಿರುವವನಿಗೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಇಲ್ಲವೇ ಎಂದು ಕೆಲವರು. ಇಲ್ಲಿ ಮಿಷಿಗನ್ ರಾಜ್ಯದಲ್ಲಿ 2006ರ ಆತ್ಮರಕ್ಷಣೆಯ ಕಾಯ್ದೆಯೂ ಇದೆ. ಆದರೆ ವೇಫರ್ ಕೋರ್ಟಿನಲ್ಲಿ ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸ್ವಂತ ಮನೆಯಲ್ಲಿ ಮುದುರಿಕೊಂಡು ಕೂರಲು ತಾನು ಸಿದ್ಧನಿರಲಿಲ್ಲ ಎಂಬ ಅರ್ಥದಲ್ಲಿ ಅವನು ಸಾಕ್ಷಿ ನುಡಿದ. ಅಂದರೆ ಹೇಡಿ ಅನ್ನಿಸಿಕೊಳ್ಳಬಾರದೆಂದು ಬಾಗಿಲು ತೆರೆದ! ಜ್ಯೂರಿಗಳು ಒಪ್ಪಲಿಲ್ಲ. 2014ರ ಆಗಸ್ಟ್‌ನಲ್ಲಿ ಕೊಲೆ ಎಂದೇ ತೀರ್ಮಾನಿಸಿದರು. ಕನಿಷ್ಠ 17 ವರ್ಷ ಜೈಲು.

2018ರ ಏಪ್ರಿಲ್‌ನಲ್ಲಿ ಮತ್ತೆ ಅಂಥದ್ದೇ, ರಾಚೆಸ್ಟರ್ ಹಿಲ್ಸ್‌ನಲ್ಲಿ. ನಮ್ಮವರು ಬಹಳ ಮಂದಿ ಇರುವ ಟ್ರಾಯ್‌ಗೆ ಅದು ಪಕ್ಕದೂರು. ಶಾಲೆಯ ಬಸ್ಸು ತಪ್ಪಿದ 14 ವರ್ಷದ ಕರಿಯ ಹುಡುಗ ನಡೆದು ಹೊರಟು, ದಾರಿ ತಪ್ಪಿ, ಕೇಳೋಣವೆಂದು ಒಂದು ಮನೆಯ ಬಾಗಿಲು ತಟ್ಟಿದ. ಮನೆಯ ಯಜಮಾನ ಶಾಟ್‌ಗನ್ ತಂದು, ಓಡುತ್ತಿದ್ದ ಹುಡುಗನತ್ತ ಹಾರಿಸಿದ. ಗುರಿ ತಪ್ಪಿ ಮಗು ಉಳಿಯಿತು. ಜಾರಿ ಬಿದ್ದಾಗ ಗುಂಡು ಹಾರಿತು ಎಂದು ಆತ ಹೇಳಿದ್ದನ್ನು ಅವನ ಮನೆಯ ಕ್ಯಾಮೆರಾವೇ ಸುಳ್ಳು ಮಾಡಿತು. ಅವನೂ ಜೈಲಿಗೆ ಹೋದ. ಅದೇ ವಾರ ನನ್ನ ಮಗಳು, ನಮ್ಮ ಬೀದಿಯ ಒಂದೊಂದು ಮನೆಯ ಗಂಟೆ ಒತ್ತಿ, ಶಾಲೆಯ ಬ್ಯಾಂಡಿಗೆಂದು ಚಂದಾ ಎತ್ತಿದ್ದಳು.

ಹಾಗಾಗಿ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು. ಲೆಂಡಾ ರೈಫಲ್ ಎತ್ತಿದ್ದು ಧೈರ್ಯವೇ. ಗುಂಡು ಹಾರಿಸುತ್ತಿದ್ದವನ ಎದುರು, ಬೇರೆಯವರಿಗಾಗಿ ನಿಂತು ಎತ್ತಿದ್ದು ಅದು. ಕಾಲೇಕಾ ಚಾಕು ಹಿಡಿದದ್ದು ಅದಕ್ಕಿಂತ ದೊಡ್ಡ ಧೈರ್ಯ. ಪ್ರಾರ್ಥನೆಗೆ ಬಂದವರ ಮೇಲೆ ಗುಂಡು ಹಾರಿಸಿದ್ದು ಶುದ್ಧ ಹೇಡಿತನ. ಜಾಲರಿ ಬಾಗಿಲಿನ ಹಿಂದಿನಿಂದ ಬರಿಗೈ ಹುಡುಗಿಗೆ ಹೊಡೆದದ್ದೂ ಹೇಡಿತನವೇ, ಅವನು ಅದಕ್ಕೆ ಯಾವ ಹೆಸರು ಕೊಟ್ಟುಕೊಂಡಿದ್ದರೂ.

ಇನ್ನು ನಿಮ್ಮ ಮನೆಯ ಮಾತು. ರಾತ್ರಿ ಯಾರಾದರೂ ಬಾಗಿಲು ಬಡಿದರೆ ಹೊರಗಿನ ದೀಪ ಹಾಕಿ. ಬಾಗಿಲು ತೆರೆಯಬೇಡಿ, ಒಳಗಿನಿಂದಲೇ ಏನು ಬೇಕೆಂದು ಕೇಳಿ. 911ಕ್ಕೆ ಫೋನು ಮಾಡಿ, ಮಾಡಿದ್ದೇನೆಂದು ಹೊರಗಿರುವವರಿಗೆ ಕೂಗಿ ಹೇಳಿ. ಕಷ್ಟದಲ್ಲಿರುವವರಾದರೆ ಅವರಿಗೆ ಬೇಕಾದದ್ದೂ ಅದೇ.