ತಂತಿಯಿಲ್ಲದ ಮೈಕು

ನಮ್ಮೂರಿನಲ್ಲಿ ಯಾವ ಸಭೆ ನಡೆಯುವುದಿದ್ದರೂ ಅಧ್ಯಕ್ಷರು ಯಾರು, ಉದ್ಘಾಟಕರು ಯಾರು, ಹಾರ ಹಾಕುವವರು ಯಾರು ಎಂದು ಹದಿನೈದು ದಿನ ಚರ್ಚೆಯಾಗುತ್ತದೆ. ಮೈಕಿನ ಹತ್ತಿರ ಕೂರುವವರು ಯಾರು ಎಂಬುದಕ್ಕೆ ಮಾತ್ರ ಚರ್ಚೆಯೇ ಇಲ್ಲ. ಅದು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದ ತಪ್ಪಿಗೆ ಊರಿನ ಫ್ಯೂಸು, ಪಂಪುಸೆಟ್ಟು, ಧ್ವನಿವರ್ಧಕಗಳೆಲ್ಲ ನನ್ನ ತಲೆಗೆ ಬಂದು ಕೂತಿವೆ. ಕಾರ್ಯಕ್ರಮ ಚೆನ್ನಾಗಿ ನಡೆದರೆ ವಂದನಾರ್ಪಣೆಯಲ್ಲಿ ಶಾಮಿಯಾನದವರ ನಂತರ, ಪಾತ್ರೆ ತೊಳೆದವರಿಗಿಂತ ಮೊದಲು ನನಗೂ ಒಂದು ನಮಸ್ಕಾರ ಬರುತ್ತದೆ. ಮೈಕು ಕುಂಯ್ ಎಂದು ಕೂಗಿದರೆ ಇಡೀ ಸಭೆ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ಮೈಕಾಸುರನೆಂದು ಬೈಯುವುದು ಯಂತ್ರವನ್ನೋ ನನ್ನನ್ನೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ನಮ್ಮ ದೊಡ್ಡಪ್ಪನಿಗೆ ಮೈಕೆಂದರೆ ತಿರಸ್ಕಾರ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡಿಯೇ ಕರ್ಣನಾಗಬೇಕು. ಪ್ರಾಯದಲ್ಲಿ ಅವರು ನಮ್ಮ ಚಾವಡಿಯಲ್ಲಿ ಕೂತು ಅರ್ಥ ಹೇಳಿದರೆ ತೋಟದ ಆಚೆ ಬದಿಯ ಮನೆಯವರು ಅಲ್ಲಿಂದಲೇ ಕೇಳುತ್ತಿದ್ದರಂತೆ. ಈಗ ಎಂಬತ್ತೆರಡು. ದನಿ ಸೋತಿದೆ, ಕೈ ನಡುಗುತ್ತದೆ. ನಮ್ಮಲ್ಲಿ ತಾಳಮದ್ದಳೆ ನಡೆಯುವುದು ಶ್ರಾವಣದಲ್ಲಿ, ದೇವಸ್ಥಾನದ ತಗಡಿನ ಮಾಡಿನ ಕೆಳಗೆ. ಆಗುಂಬೆ ಸೀಮೆಯ ಮಳೆ ಆ ತಗಡಿನ ಮೇಲೆ ಬೀಳತೊಡಗಿದರೆ ಪಕ್ಕದವನು ಕೆಮ್ಮಿದ್ದೂ ಕೇಳುವುದಿಲ್ಲ.

ಸ್ಟ್ಯಾಂಡಿನ ಮೈಕು ಇಟ್ಟರೆ ದೊಡ್ಡಪ್ಪ ಕೃಷ್ಣನ ಕಡೆಗೆ ತಿರುಗಿ ಮಾತಾಡುತ್ತಾರೆ, ಮೈಕಿಗೆ ಅವರ ಕಿವಿ ಮಾತ್ರ ಸಿಗುತ್ತದೆ. ಆವೇಶ ಬಂದು ಕೈ ಎತ್ತಿದರೆ ಸ್ಟ್ಯಾಂಡಿಗೆ ಠಣ್ ಎಂದು ಏಟು. 2017ರಲ್ಲಿ ತಂತಿಯಿರುವ ಕಾಲರ್ ಮೈಕು ಸಿಕ್ಕಿಸಿದೆ. ನಡುವೆ ಅವರಿಗೆ ಹೊರಗೆ ಹೋಗಿ ಬರಬೇಕಾಯಿತು, ಮೈಕಿನ ನೆನಪಿಲ್ಲದೆ ಎದ್ದು ಹೊರಟರು. ತಂತಿ ಶಾಲಿಗೆ ಸುತ್ತಿಕೊಂಡು, ಶಾಲು ಭಾಗವತರ ಸ್ಟ್ಯಾಂಡಿಗೆ ಸಿಕ್ಕಿ, ಸ್ಟ್ಯಾಂಡು ಮದ್ದಳೆಯ ಮೇಲೆ ಬಿತ್ತು. ಮದ್ದಳೆಗಾರರು ಆಮೇಲೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಮರುವರ್ಷ ನಾನು ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ತಂತಿಯಿಲ್ಲದ ಮೈಕಿನ ಜೋಡಿಯೊಂದನ್ನು ತಂದೆ. ಸಂಘದ ದುಡ್ಡು ಸಾಲದೆ ನನ್ನ ಪಿಂಚಣಿಯದೂ ಸ್ವಲ್ಪ ಸೇರಿತು, ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಕಾಲರಿಗೆ ಹುರುಳಿಕಾಳಿನಷ್ಟು ಮೈಕು, ಅದರ ಗಿಡ್ಡ ತಂತಿ ಸೊಂಟದ ಡಬ್ಬಿಗೆ. ಆ ಡಬ್ಬಿಯೇ ಪುಟ್ಟ ಆಕಾಶವಾಣಿ. ಅದು ಪ್ರಸಾರ ಮಾಡಿದ್ದನ್ನು ನನ್ನ ಮೇಜಿನ ಮೇಲಿನ ರಿಸೀವರು ಹಿಡಿದು ಆಂಪ್ಲಿಫೈಯರಿಗೆ ಕೊಡುತ್ತದೆ. ಅಂಗಡಿಯ ಹುಡುಗ, "ಆನ್ ಮಾಡಿದ್ರೆ ಆಯ್ತು ಸಾರ್" ಎಂದಿದ್ದ. ಈ ಮಾತು ಹೇಳುವವರಿಗೆ ತಾಳಮದ್ದಳೆ ನಡೆಸಿ ಗೊತ್ತಿರುವುದಿಲ್ಲ.

ವಾರ ಮೊದಲು ಅಭ್ಯಾಸಕ್ಕೆ ಕೂತೆವು. ದೊಡ್ಡಪ್ಪನಿಗೊಂದು, ಕೃಷ್ಣನಿಗೊಂದು, ಸ್ವಾಗತ ಭಾಷಣಕ್ಕೆ ಪಕ್ಕದೂರಿನಿಂದ ಎರವಲು ತಂದ ಕೈಮೈಕು ಒಂದು. ಒಂದೊಂದನ್ನೇ ಹಚ್ಚಿದರೆ ಸೊಗಸು. ಮೂರನ್ನೂ ಹಚ್ಚಿದರೆ ಕೈಮೈಕಿನಲ್ಲಿ ಒಗ್ಗರಣೆ ಹಾಕಿದ ಸದ್ದು. ಮೂರರ ಕಂಪನಾಂಕ ನೋಡಿದೆ: 606, 607, 608 ಮೆಗಾಹರ್ಟ್ಸ್. ಬೇರೆ ಬೇರೆ ಇವೆಯಲ್ಲ, ಮತ್ತೇನು ತಕರಾರು ಎಂದು ರಾತ್ರಿಯಿಡೀ ಯೋಚಿಸಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಎರಡು ಪ್ರಸಾರಗಳು ಹತ್ತಿರ ಹತ್ತಿರ ಕೂತಾಗ ಅವುಗಳ ಬೆರಕೆಯಿಂದ ಯಾರೂ ಕರೆಯದ ಮೂರನೆಯದೊಂದು ಹುಟ್ಟುತ್ತದೆ. ಲೆಕ್ಕ ಸುಲಭ: 607ರ ಎರಡರಷ್ಟರಲ್ಲಿ 606 ಕಳೆದರೆ 608. ಕೈಮೈಕಿನ ಪೀಠದಲ್ಲಿ ಇವರಿಬ್ಬರ ಕೂಸು ಬಂದು ಕೂತಿತ್ತು. ಸಮ ಅಂತರದಲ್ಲಿ ಅಂದವಾಗಿ ಜೋಡಿಸಿದ್ದೇ ತಪ್ಪು. ಮೂರನೆಯದನ್ನು 609.4ಕ್ಕೆ ಸರಿಸಿದೆ, ಒಗ್ಗರಣೆ ನಿಂತಿತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತರಂಗಗಳ ಪಾಠ ಮಾಡಿ ಮಾಡಿ ಸವೆದವನಿಗೆ ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಅವತ್ತೇ ಮೊದಲು.

ಎರಡನೆಯ ತೊಂದರೆ ಇದಕ್ಕಿಂತ ಕೆಟ್ಟದ್ದು. ಕರ್ಣನ ಮಾತು ಮಧ್ಯೆ ಮಧ್ಯೆ ಮಾಯವಾಗುತ್ತಿತ್ತು. ಅರ್ಧ ವಾಕ್ಯ ಕೇಳುತ್ತದೆ, ಆಮೇಲೆ ಮಳೆಯ ಸದ್ದು ಮಾತ್ರ, ಮತ್ತೆ ಕೊನೆಯ ಎರಡು ಶಬ್ದ. ಹಿಂದೆ ಕೂತಿದ್ದ ಸಂಘದ ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ಮೇಷ್ಟ್ರೆ, ಅಜ್ಜರಿಗೆ ಮರೆತು ಹೋಗ್ತಿದೆ ಅಂತ ಕಾಣ್ತದೆ. ಬೇರೆಯವರಿಗೆ ಹೇಳುವನಾ?" ಎಂದರು. ನನಗೆ ಸಿಟ್ಟು ಬಂತು. ಹತ್ತಿರ ಹೋಗಿ ಕೂತು ಕೇಳಿದರೆ ದೊಡ್ಡಪ್ಪ ಒಂದಕ್ಷರ ಬಿಡದೆ ಹೇಳುತ್ತಿದ್ದಾರೆ! ಮಾತು ಮಾಯವಾಗುತ್ತಿದ್ದುದು ಅವರು ಒರಗುದಿಂಬಿಗೆ ಬೆನ್ನು ಕೊಟ್ಟಾಗಲೆಲ್ಲ. ಡಬ್ಬಿಯನ್ನು ನಾನು ಅವರ ಸೊಂಟದ ಹಿಂದೆ ಸಿಕ್ಕಿಸಿದ್ದೆ. ರಿಸೀವರು ಅವರ ಎದುರಿಗೆ, ಕಬ್ಬಿಣದ ಬೀರುವಿನ ಮರೆಯಲ್ಲಿ. ಮನುಷ್ಯನ ಮೈಯೆಂದರೆ ಬಹುಪಾಲು ನೀರು, ಈ ತರಂಗಗಳನ್ನು ಅದು ಹೀರಿಕೊಳ್ಳುತ್ತದೆ. ಕರ್ಣ ಹೇಳಿದ್ದನ್ನು ಕರ್ಣನ ಮೈಯೇ ನುಂಗುತ್ತಿತ್ತು. ಡಬ್ಬಿಯನ್ನು ಮುಂದಕ್ಕೆ ತಂದು ಪಂಚೆಯ ಮಡಿಕೆಯ ಮೇಲೆ ಕೂರಿಸಿದೆ. ರಿಸೀವರನ್ನು ಬೀರುವಿನಿಂದ ಬಿಡಿಸಿ, ಅವರ ಕಣ್ಣಿಗೆ ಕಾಣುವ ಹಾಗೆ ಎತ್ತರದ ಸ್ಟೂಲಿನ ಮೇಲೆ ಇಟ್ಟೆ. ಆಮೇಲೂ ಒಂದೆರಡು ಸಲ ತೊದಲಿದಾಗ ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಜರುಗಿಸಿದೆ, ಸರಿಹೋಯಿತು. ತಗಡಿಗೆ ಬಡಿದು ಬರುವ ಅಲೆಯೂ ನೇರ ಬರುವ ಅಲೆಯೂ ಒಂದನ್ನೊಂದು ಹೊಡೆದು ಹಾಕುವ ಜಾಗ ಗೇಣು ಆಚೆ ಈಚೆ ಬದಲಾಗುತ್ತದೆ.

ಗೇನಿನ ವಿಷಯದಲ್ಲೂ ಒಂದು ಮಾತು. ಮೈಕು ಪರೀಕ್ಷೆಗೆ ಎಲ್ಲರೂ ಸಪ್ಪೆಯಾಗಿ "ಹಲೋ, ಒಂದು, ಎರಡು" ಎನ್ನುತ್ತಾರೆ. ಅದನ್ನು ನಂಬಿ ಗೇನು ಹೆಚ್ಚಿಸಿದರೆ ಆವೇಶದ ಮಾತು ಬಂದಾಗ ದನಿ ಹರಿದ ಗೋಣಿಯಂತಾಗುತ್ತದೆ. ಹಾಗಾಗಿ, "ದೊಡ್ಡಪ್ಪ, ಎಣಿಸಬೇಡಿ, ಕೃಷ್ಣನಿಗೆ ಬೈಯಿರಿ" ಎಂದೆ. ಬೈದರು. ಡಬ್ಬಿಯ ಕೆಂಪು ದೀಪ ಹತ್ತದಷ್ಟಕ್ಕೆ ಇಳಿಸಿಕೊಂಡೆ. "ಮಾಣಿ, ನಿನ್ನ ಯಂತ್ರಕ್ಕೆ ನನಗಿಂತ ಹೆಚ್ಚು ಪಥ್ಯ ಉಂಟಲ್ಲೋ" ಎಂದರು.

ಪ್ರಸಂಗ ಕರ್ಣಭೇದನ. ಸಂಜೆ ಆರಕ್ಕೆಲ್ಲ ಜನ ಸೇರಿದ್ದರು. ಹೊಸ ಸೆಲ್ಲು ಹಾಕಿದೆ. ರೀಚಾರ್ಜಿನದು ಬೇಡವೆಂದು ಅಳಿಯನಿಗೆ ಮೊದಲೇ ಹೇಳಿದ್ದೆ, ಅದು 1.2 ವೋಲ್ಟು ಮಾತ್ರ, ಡಬ್ಬಿಯ ಅಳತೆಗೋಲು ಅದನ್ನು ನೋಡಿ ಸುಳ್ಳು ಹೇಳುತ್ತದೆ. ದೊಡ್ಡಪ್ಪನಿಗೆ ಡಬ್ಬಿ ಕಟ್ಟಿ ಮಿಕ್ಸರಿನಲ್ಲಿ ಅವರ ಗುಂಡಿ ಇಳಿಸಿಟ್ಟೆ. ಅವರು ಬಿಸಿನೀರು ಕುಡಿಯಲು ಒಳಗೆ ನೈವೇದ್ಯದ ಕೋಣೆಗೆ ಹೋದರು. ಗುಂಡಿ ಇಳಿಸಿದರೆ ಸಭೆಗೆ ಕೇಳುವುದಿಲ್ಲ, ಆದರೆ ಮಿಕ್ಸರಿನವನ ಹೆಡ್‌ಫೋನಿಗೆ ಬೇಕಾದರೆ ಕೇಳುತ್ತದೆ. ಕೋಣೆಯವರೆಗೂ ಹಿಡಿಯುತ್ತದೋ ನೋಡುವ ಎಂದು ಹೆಡ್‌ಫೋನು ಹಾಕಿಕೊಂಡೆ.

"ನಿನ್ನೆ ರಾತ್ರಿ ಕುಂತಿಯ ಹೆಸರೇ ಬರಲಿಲ್ಲ ಕಣೆ," ದೊಡ್ಡಪ್ಪನ ದನಿ. "ಎಷ್ಟು ಹೊತ್ತು ಮಲಗಿ ಯೋಚಿಸಿದೆ. ಐವತ್ತು ವರ್ಷ ಕರ್ಣನಾದವನಿಗೆ ತಾಯಿಯ ಹೆಸರು!"

"ಹಾಗಾದ್ರೆ ಇವತ್ತು ಆಗುವುದಿಲ್ಲ ಅಂತ ಹೇಳಿಬಿಡಿ," ಎಂದರು ದೊಡ್ಡಮ್ಮ.

"ಹೇಗೆ ಹೇಳುವುದು? ಮಾಣಿ ಅಷ್ಟು ದುಡ್ಡು ಹಾಕಿ ತಂದಿದ್ದಾನೆ."

ಹೆಡ್‌ಫೋನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಲೋಟ ಕೆಳಗಿಟ್ಟ ಸದ್ದು, ಶಾಲು ಮೈಕಿಗೆ ಸವರಿದ ಸದ್ದು, ಆಮೇಲೆ ಅವರ ಉಸಿರು ಮಾತ್ರ. ಅಷ್ಟರಲ್ಲಿ ಭಾಗವತರು ಜಾಗಟೆಗೆ ಕೈ ಹಾಕಿದರು.

ಒಂದು ಗಂಟೆ ಯಾವ ಅಡ್ಡಿಯೂ ಇಲ್ಲದೆ ನಡೆಯಿತು. ಹೊರಗೆ ಧಾರಾಕಾರ ಮಳೆ, ಆದರೂ ಹೆಂಗಸರ ಸಾಲಿನ ಕೊನೆಯವರೆಗೆ ದೊಡ್ಡಪ್ಪನ ಪಿಸುಮಾತೂ ಕೇಳುತ್ತಿತ್ತು. ಕೃಷ್ಣನಾದವರು ಜನ್ಮರಹಸ್ಯ ಹೇಳಿ ಮುಗಿಸಿದರು. ಕರ್ಣ ತಲೆ ಎತ್ತಿ, "ಹಾಗಾದರೆ ವಾಸುದೇವಾ, ನನ್ನನ್ನು ಹೆತ್ತವಳು..." ಎಂದು ನಿಂತ.

ಮೊದಲು ಎಲ್ಲರಿಗೂ ಅದು ಅಭಿನಯವೆಂದೇ ಕಂಡಿತು. ನಾನು ರಿಸೀವರು ನೋಡಿದೆ. ಅದರಲ್ಲಿ ಎರಡು ದೀಪ: ಒಂದು ಪ್ರಸಾರ ಬರುತ್ತಿದೆ ಎನ್ನಲು, ಇನ್ನೊಂದು ದನಿ ಬರುತ್ತಿದೆ ಎನ್ನಲು. ಮೊದಲನೆಯದು ಗಟ್ಟಿಯಾಗಿ ಉರಿಯುತ್ತಿತ್ತು. ಎರಡನೆಯದು ಆರಿತ್ತು. ಯಂತ್ರದಲ್ಲಿ ಲೋಪವಿರಲಿಲ್ಲ. ದೊಡ್ಡಪ್ಪನ ಬೆರಳು ಶಾಲಿನ ಅಂಚನ್ನು ಹುಡುಕುತ್ತಿತ್ತು. ಕಾರ್ಯದರ್ಶಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು ಕಂಡಿತು.

ಗುಂಡಿ ಕೆಳಗೆಳೆದು ಎದ್ದು ನಿಂತೆ. "ಸೆಲ್ಲು ಹೋಯ್ತು! ಒಂದು ನಿಮಿಷ, ಸೆಲ್ಲು ಹೋಯ್ತು!" ಎಂದು ಕೂಗಿಕೊಂಡೇ ಓಡಿ ವೇದಿಕೆ ಹತ್ತಿದೆ. ಮೂವತ್ತು ವರ್ಷದಲ್ಲಿ ನಾನು ಹಾಗೆ ಕೂಗಿದ್ದಿಲ್ಲ. ಭಾಗವತರು ನನ್ನ ಮುಖ ನೋಡಿದವರೇ ಹಿಂದಿನ ಪದ್ಯದ ಕೊನೆಯ ಚರಣವನ್ನು ಮತ್ತೆ ಎತ್ತಿಕೊಂಡರು, ಮದ್ದಳೆಗಾರರು ಹಳೆಯದನ್ನೆಲ್ಲ ಮರೆತು ಜೊತೆಗೂಡಿದರು. ಡಬ್ಬಿ ತೆರೆದು ಎರಡು ಸೆಲ್ಲು ತೆಗೆದು ಬೇರೆ ಎರಡು ಹಾಕಿದೆ. ಕಾಲರಿನ ಕ್ಲಿಪ್ಪು ಸರಿಮಾಡುವ ನೆವದಲ್ಲಿ ಬಾಗಿ, "ಕುಂತಿ" ಎಂದೆ. ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿಯೇ ಇತ್ತು.

ಆಮೇಲೆ ಮುಕ್ಕಾಲು ಗಂಟೆ ಅವರು ಹೇಳಿದ ಅರ್ಥವನ್ನು ನಮ್ಮೂರಿನವರು ಇನ್ನೂ ನೆನೆಯುತ್ತಾರೆ. ಅದನ್ನು ಇಲ್ಲಿ ಬರೆಯಲು ನನ್ನಿಂದಾಗದು.

ಊಟದ ಪಂಕ್ತಿಯಲ್ಲಿ ನನಗೆ ಪಾಯಸಕ್ಕಿಂತ ಬುದ್ಧಿಮಾತು ಹೆಚ್ಚು ಬಡಿಸಿದರು. "ಅಷ್ಟು ಒಳ್ಳೆಯ ಜಾಗದಲ್ಲಿ ಕೆಡಿಸಿದಿರಲ್ಲ ಮೇಷ್ಟ್ರೆ, ಹೊಸ ಸೆಲ್ಲು ಹಾಕಿಕೊಂಡು ಬರಬಾರದಿತ್ತಾ?" "ಅಗ್ಗದ ಮಾಲು, ಬೆಂಗಳೂರಿನವರು ಟೋಪಿ ಹಾಕಿದ್ದಾರೆ." "ತಂತಿಯದ್ದೇ ವಾಸಿ." ವಿಜ್ಞಾನದ ಮೇಷ್ಟ್ರಿಗೆ ಸೆಲ್ಲು ಹಾಕಲು ಬರುವುದಿಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನೇ ಹೇಳಿದ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಸಾರು ಕಲಸಿಕೊಂಡು ತಲೆ ತಗ್ಗಿಸಿ ಉಂಡೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಸೆಲ್ಲು ಎಲ್ಲುಂಟು?" ಎಂದರು.

"ಯಾವ ಸೆಲ್ಲು?"

"ನಿನ್ನೆ ತೆಗೆದೆಯಲ್ಲ, ಹೋದದ್ದು."

"ಕಿಸೆಯಲ್ಲಿದೆ."

"ನಮ್ಮ ಗಡಿಯಾರ ನಿಂತು ವಾರ ಆಯ್ತು. ಹಾಕು ನೋಡುವ."

ಕುರ್ಚಿ ಹತ್ತಿ ಗೋಡೆಯ ಗಡಿಯಾರ ಇಳಿಸಿದೆ, ಒಂದು ಸೆಲ್ಲು ಹಾಕಿದೆ. ಮುಳ್ಳು ಹೊರಟಿತು. ದೊಡ್ಡಪ್ಪ ಅದು ಒಂದು ಸುತ್ತು ಪೂರ್ತಿ ಬರುವವರೆಗೆ ನೋಡಿದರು. ಆಮೇಲೆ ಒಳಗೆ ತಿರುಗಿ, "ಮಾಣಿಗೆ ಒಂದು ಲೋಟ ಕಾಫಿ ತಾರೇ" ಎಂದರು.

ಮುಂದಿನ ಶ್ರಾವಣಕ್ಕೆ ದೊಡ್ಡಪ್ಪ ಅರ್ಥಕ್ಕೆ ಕೂರಲಿಲ್ಲ, ಎದುರಿನ ಸಾಲಿನಲ್ಲಿ ಕೂತು ಕೇಳಿದರು. ಗಡಿಯಾರ ಅಲ್ಲಿಯವರೆಗೂ ಓಡುತ್ತಿತ್ತು.